ಮಂಡಿ ಸುತ್ತಲಿನ ರಕ್ತ ವಾಪಸ್ ಹೋಗುವುದು ಯಾವ ನಾಳದಿಂದ?

ಜೆನಿಕ್ಯುಲರ್ ವೇನ್‌ಗಳಿಂದ (ವೇನ್ ಅಂದರೆ ರಕ್ತವನ್ನು ಹೃದಯದ ಕಡೆಗೆ ವಾಪಸ್ ಒಯ್ಯುವ ನಾಳ). ಅದೇ ಹೆಸರಿನ ಅಪಧಮನಿಗಳ ಪಕ್ಕದಲ್ಲೇ ಸಾಗುವ ಈ ಸಣ್ಣ ನಾಳಗಳು ಕೀಲಿನ ರಕ್ತವನ್ನು ಮಂಡಿಯ ಹಿಂದಿನ ಗುಳಿಯಲ್ಲಿರುವ ಪಾಪ್ಲಿಟಿಯಲ್ ವೇನ್‌ಗೆ ತಂದು ಸುರಿಯುತ್ತವೆ. ಅದೇ ತೊಡೆಗೆ ಏರಿದ ಮೇಲೆ ಫೀಮೋರಲ್ ವೇನ್ ಆಗುತ್ತದೆ. ನಮ್ಮ ಕೊಡಗಿನ ತೋಟಗಳಲ್ಲಿ ಕಾಫಿ ಕುಯ್ಲಿನ ಸಮಯದಲ್ಲಿ ದಿನವಿಡೀ ನಿಂತವರ ಕಾಲಲ್ಲಿ ಉಬ್ಬಿ ಕಾಣುವ ನೀಲಿ ನರ ಇದಲ್ಲ, ಅದು ಸಾಮಾನ್ಯವಾಗಿ ಚರ್ಮದಡಿಯ ಸಫೀನಸ್ ನಾಳ ಅಥವಾ ಅದರ ಕವಲು; ನಾಳದೊಳಗೆ ರಕ್ತ ಹಿಂದಕ್ಕೆ ಇಳಿಯದಂತೆ ತಡೆಯುವ ಕವಾಟ ಸರಿಯಾಗಿ ಮುಚ್ಚದೆ ರಕ್ತ ಕೆಳಗೇ ನಿಂತರೆ ಹಾಗಾಗುತ್ತದೆ. ಸುಮ್ನೆ ನಿಲ್ಲುವುದಕ್ಕಿಂತ ಏರು ಹತ್ತುವುದೇ ವಾಸಿ, ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತದಲ್ವಾ. ಆದರೆ ಒಂದೇ ಕಾಲು ದಿಢೀರ್ ಊದಿ ನೋವಾದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಆವತ್ತೇ ಡಾಕ್ಟರ್‌ಗೆ ತೋರಿಸಿ.