ಬೀರುವಿನ ಬೀಗದ ಕೈ

ಗೌರಿಬಿದನೂರು ಕಡೆಯ ಓದುಗರೊಬ್ಬರು, ನಿವೃತ್ತ ಮೇಷ್ಟ್ರು, ಹೀಗೆ ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರನ್ನು ಎರಡು ಪುಟ ಹೊಗಳಿದ್ದೀರಿ. ಪುಸ್ತಕದ ಬೆನ್ನಿಗೆ ನಂಬರ್ ಅಂಟಿಸುವುದು ಅಷ್ಟು ದೊಡ್ಡ ಕೆಲಸವೇ? ನಮ್ಮೂರ ಲೈಬ್ರರಿಯಲ್ಲಿ ಪುಸ್ತಕಗಳೆಲ್ಲ ಬೀರುವಿನಲ್ಲಿವೆ, ಬೀರುವಿಗೆ ಬೀಗ ಇದೆ. ತೆಗೀರಿ ಅಂದರೆ, ಕಳೆದುಹೋದರೆ ನನ್ನ ತಲೆಗೆ ಬರುತ್ತೆ ಸಾರ್ ಅನ್ನುತ್ತಾರೆ. ನಿಮ್ಮ ರಂಗನಾಥನ್ ಇದಕ್ಕೇನು ಹೇಳುತ್ತಾರೆ?"

ಮೇಷ್ಟ್ರೇ, ನಮಸ್ಕಾರ. ನಿಮ್ಮ ಬೀರು ನನಗೂ ಗೊತ್ತು. ತುಮಕೂರು ಜಿಲ್ಲೆಯಲ್ಲಿ ನಾನು ಬೆಳೆದ ಊರಲ್ಲೂ ಅಂಥದ್ದೊಂದಿತ್ತು. ಗಾಜಿನ ಬಾಗಿಲು. ಪುಸ್ತಕದ ಬೆನ್ನು ಕಾಣುತ್ತಿತ್ತು, ಪುಸ್ತಕ ಸಿಗುತ್ತಿರಲಿಲ್ಲ. ಮೂರನೇ ಸಾಲಿನ ಹೆಸರುಗಳೆಲ್ಲ ಎಡದಿಂದ ಬಲಕ್ಕೆ ನನಗೆ ಬಾಯಿಪಾಠ ಆಗಿದ್ದವು. ಒಂದರೊಳಗೂ ಏನಿದೆ ಅಂತ ಗೊತ್ತಿರಲಿಲ್ಲ.

ನಂಬರಿನ ಮಾತು ಆಮೇಲೆ. ರಂಗನಾಥನ್ ಶುರು ಮಾಡಿದ್ದೇ ನಿಮ್ಮ ಬೀಗದಿಂದ. ಅವರೂ ಮೇಷ್ಟ್ರೇ, ಗಣಿತದ ಮೇಷ್ಟ್ರು. 1917ರಲ್ಲಿ ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೇ ಕೆಲಸಕ್ಕೆ ಸೇರಿದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದಾಗ ಅವರಿಗೆ ಆ ಕೆಲಸ ಒಂಚೂರೂ ಹಿಡಿಸಲಿಲ್ಲ. ಕ್ಲಾಸು ಇಲ್ಲ, ಹುಡುಗರಿಲ್ಲ, ದಿನವಿಡೀ ಸುಮ್ನೆ ಕೂರಬೇಕು. ಕೆಲವೇ ದಿನಕ್ಕೆ ಪಾಠಕ್ಕೇ ವಾಪಸ್ ಕಳಿಸಿ ಅಂತ ಕೇಳಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಲೈಬ್ರರಿ ಕೆಲಸ ಕಲಿತು ಬನ್ನಿ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಅಂದರಂತೆ ಮೇಲಿನವರು. ಅಲ್ಲಿ ಊರೂರು ಸುತ್ತಿ ಗ್ರಂಥಾಲಯ ನೋಡಿದರು. ದುಡಿದು ಬಂದ ಜನ ಸಂಜೆ ಬಂದು ಪುಸ್ತಕ ಒಯ್ಯುವುದನ್ನು ನೋಡಿದರು. 1925ರಲ್ಲಿ ವಾಪಸ್ ಬಂದವರು ಪಾಠದ ಮಾತೇ ಎತ್ತಲಿಲ್ಲ.

ಗ್ರಂಥಾಲಯ ಹೇಗಿರಬೇಕು ಅನ್ನುವ ಅವರ ಐದು ಸೂತ್ರಗಳು 1931ರಲ್ಲಿ ಪುಸ್ತಕವಾಗಿ ಬಂದವು. ಮೊದಲನೆಯದು: ಪುಸ್ತಕ ಇರುವುದು ಬಳಸುವುದಕ್ಕೆ. ಇಷ್ಟೇನಾ ಅನ್ನಿಸುತ್ತೆ, ಅಲ್ವಾ? ಒಂದು ಕಾಲಕ್ಕೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಮೇಜಿಗೆ ಬಿಗಿಯುತ್ತಿದ್ದರು. ಸರಪಳಿ ಹೋದರೂ ಕಾಯುವ ಬುದ್ಧಿ ಹೋಗಿಲ್ಲ ಅನ್ನುವುದು ಅವರ ವಾದ. ಬಳಸುವುದಕ್ಕೆ ಅಂತ ಒಪ್ಪಿದಿರೋ, ಉಳಿದದ್ದೆಲ್ಲ ತಾನಾಗಿ ಬರುತ್ತೆ. ಲೈಬ್ರರಿ ಊರಾಚೆ ಇರಬಾರದು. ಜನಕ್ಕೆ ಪುರುಸೊತ್ತಾದಾಗ ಬಾಗಿಲು ತೆಗೆದಿರಬೇಕು. ಕೂರಲು ಬೆಂಚು ನೆಟ್ಟಗಿರಬೇಕು. ಓದುಗ ತಾನೇ ಹೋಗಿ ಪುಸ್ತಕ ಮುಟ್ಟಿ ನೋಡುವಂತಿರಬೇಕು. ಮದ್ರಾಸಿನಲ್ಲಿ ಅವರು ಹಾಗೇ ಮಾಡಿದರು.

ನಿಮ್ಮೂರ ಲೈಬ್ರರಿಯವರ ಹೆದರಿಕೆ ಸುಳ್ಳಲ್ಲ, ಪಾಪ. ಆದರೆ ಇದು ನೋಡಿ. ಕೇಂದ್ರ ಸರ್ಕಾರದ ಹಣಕಾಸು ನಿಯಮಗಳ ಪ್ರಕಾರ, ಒಂದು ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ. ಮೋಸವೋ ಅಸಡ್ಡೆಯೋ ಆಗಿರಬಾರದು, ಅಷ್ಟೇ. ನಿಮ್ಮೂರ ಲೈಬ್ರರಿ ಕೇಂದ್ರದ್ದಲ್ಲ, ನಿಜ. ಆದರೂ ಕಾಗದದ ಮೇಲೆ ಸರ್ಕಾರವೇ ಇಷ್ಟು ಒಪ್ಪಿಕೊಂಡಿದೆ ಅಂತ ಅವರಿಗೆ ತೋರಿಸಬಹುದು.

ಈಗ ನಂಬರಿಗೆ ಬರೋಣ. ಕೋಲಾರದ ರೈತನೊಬ್ಬ ಬಂದು ಟೊಮೆಟೊ ಎಲೆಗೆ ಬರುವ ರೋಗ ತಡೆಯುವುದು ಹೇಗೆ, ಅದೂ ನಮ್ಮ ಸೀಮೆಯಲ್ಲಿ, ಅಂತ ಕೇಳಿದ ಅನ್ನಿ. ಆಗ ಚಾಲ್ತಿಯಲ್ಲಿದ್ದ ಪದ್ಧತಿಗಳಲ್ಲಿ ಗೂಡುಗಳು ಮೊದಲೇ ಸಿದ್ಧ. ಪುಸ್ತಕ ಹೇಗೋ ಯಾವುದೋ ಒಂದರೊಳಗೆ ತೂರಬೇಕು. ರಂಗನಾಥನ್ ವಿಷಯವನ್ನು ಬಿಡಿಸಿ ನೋಡಿದರು: ಬೆಳೆ ಯಾವುದು, ಗಿಡದ ಯಾವ ಭಾಗ, ಏನು ತೊಂದರೆ, ಅದಕ್ಕೇನು ಮಾಡುವುದು, ಎಲ್ಲಿ, ಯಾವಾಗ. ಒಂದೊಂದಕ್ಕೂ ಒಂದು ಗುರುತು. ಗುರುತುಗಳನ್ನು ಜೋಡಿಸಿದರೆ ಆ ಪುಸ್ತಕದ ನಂಬರ್. ಲಂಡನ್ನಿನ ಒಂದು ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ನೋಡಿದಾಗ ಇದು ಹೊಳೆಯಿತಂತೆ. ಅದೇ ಪಟ್ಟಿ, ಅದೇ ನಟ್ಟು ಬೋಲ್ಟು, ಬೇಕೆಂದರೆ ಕ್ರೇನು, ಬೇಕೆಂದರೆ ಸೇತುವೆ. 1933ರಲ್ಲಿ ಕೋಲನ್ (:) ವರ್ಗೀಕರಣ ಅಂತ ಅದು ಅಚ್ಚಾಯಿತು. ಬಹಳ ಕಡೆ ಅದು ಬಳಕೆಗೆ ಬರಲಿಲ್ಲ, ನಂಬರು ಉದ್ದವಾಗುತ್ತೆ ಅನ್ನುವ ದೂರು ನ್ಯಾಯವಾದದ್ದೇ. ಬಿಡಿಸಿ ಜೋಡಿಸುವ ಆ ದಾರಿ ಮಾತ್ರ ಎಲ್ಲ ಕಡೆ ಉಳಿಯಿತು. ಮೊಬೈಲಿನಲ್ಲಿ ಸೀರೆ ಹುಡುಕುವಾಗ ಬಣ್ಣ, ಬಟ್ಟೆ, ಬೆಲೆ ಅಂತ ಒಂದೊಂದೇ ಒತ್ತುತ್ತೀರಲ್ಲ, ಅದೂ ಇದೇ ಜಾತಿಯ ಯೋಚನೆ.

ಇನ್ನು ನಿಮ್ಮ ಕೈಲಾಗುವುದು. ಮನೆ ಕಂದಾಯದ ರಸೀದಿ ತೆಗೆದು ನೋಡಿ. ತೆರಿಗೆ 100 ರೂಪಾಯಿ ಆದರೆ ಅದರ ಮೇಲೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೀರಿ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಆ ರಸೀದಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಜಗಳ ಬೇಡ, ನೀವು ಮೇಷ್ಟ್ರು, ಕೇಳುವ ರೀತಿ ನಿಮಗೇ ಗೊತ್ತು. ವಾರಕ್ಕೊಂದು ಸಂಜೆ ಬೀರು ತೆಗೆಸಿ, ಪಕ್ಕದಲ್ಲಿ ನೀವೇ ಕುರ್ಚಿ ಹಾಕಿಕೊಂಡು ಕೂತುಬಿಡಿ. ಏನಾಯಿತು ಅಂತ ಬರೆಯಿರಿ, ಅಚ್ಚು ಹಾಕುತ್ತೇವೆ.

ಕಳೆದ ಸಂಚಿಕೆಯ ಒಂದು ತಪ್ಪನ್ನೂ ನಿಮ್ಮ ಪತ್ರದಲ್ಲಿ ತೋರಿಸಿದ್ದೀರಿ, ನೀವು ಹೇಳಿದ್ದೇ ಸರಿ. ರಂಗನಾಥನ್ ಮದ್ರಾಸಿನಲ್ಲಿ ತೀರಿಕೊಂಡರು ಅಂತ ನಮ್ಮಲ್ಲಿ ಅಚ್ಚಾಗಿತ್ತು. ಕೊನೆಯ ವರ್ಷಗಳಲ್ಲಿ ಅವರು ಇದ್ದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲೇ ದಾಖಲೀಕರಣದ ತರಬೇತಿ ಕೇಂದ್ರ ಕಟ್ಟಿದರು, 1972ರ ಸೆಪ್ಟೆಂಬರ್ 27ರಂದು ಅಲ್ಲೇ ತೀರಿಕೊಂಡರು. ತಿದ್ದಿಕೊಂಡಿದ್ದೇವೆ.

- ಸಂ.