ಹಳ್ಳಿ ಶಾಲೆಯ ಮಕ್ಕಳು ಪ್ರಾಥಮಿಕ ಹಂತದ ಅಂತಿಮ ಪರೀಕ್ಷೆಯಲ್ಲಿ ಏಕೆ ಅನುತ್ತೀರ್ಣರಾಗುತ್ತಾರೆ?

ತಪ್ಪು ಶಿಕ್ಷಕರದೋ ಪೋಷಕರದೋ ಎಂದೂ ಕೇಳಿದ್ದೀರಿ. ನಾನು ಬಹಳ ವರ್ಷ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು. ಕಾರಣ ಹುಡುಕಬೇಕಾದರೆ ಕೊನೆಯ ತರಗತಿಯನ್ನು ಬಿಟ್ಟು ಒಂದು ಮತ್ತು ಎರಡನೆಯ ತರಗತಿಯ ಕೋಣೆಗೆ ಹೋಗಿ ಎನ್ನುತ್ತೇನೆ.

ಒಮ್ಮೆ ಉತ್ತರ ಪತ್ರಿಕೆ ತಿದ್ದುವಾಗ ಒಬ್ಬ ಹುಡುಗನ ಪತ್ರಿಕೆ ಕೈಗೆ ಬಂತು. ಮುತ್ತು ಪೋಣಿಸಿದಂಥ ಅಕ್ಷರ, ನಾಲ್ಕು ಪುಟ ತುಂಬಿತ್ತು. ಓದಿ ನೋಡಿದರೆ ಪ್ರಶ್ನೆಗಳನ್ನೇ ಒಂದಾದ ಮೇಲೊಂದರಂತೆ ನಕಲು ಮಾಡಿದ್ದ. ಅವನಿಗೆ ಬರೆಯಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕಪ್ಪುಹಲಗೆಯ ಮೇಲಿನದನ್ನು ಚಿತ್ರ ಬಿಡಿಸುವಂತೆ ಇಳಿಸಿಕೊಳ್ಳುತ್ತಲೇ ಅಷ್ಟೂ ವರ್ಷ ದಾಟಿ ಬಂದಿದ್ದ. ಹಾಜರಿ ಚೆನ್ನಾಗಿತ್ತು, ತಂಟೆಯ ಹುಡುಗನಲ್ಲ. ಆದ್ದರಿಂದಲೇ ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ. ಮನೆಯವರು ತುಂಬಿದ ನೋಟ್‌ಬುಕ್ ನೋಡಿ ಮಗ ಕಲಿಯುತ್ತಿದ್ದಾನೆ ಎಂದು ನಂಬಿದ್ದರು, ನಾವೂ ನಂಬಿದ್ದೆವು. ಇದನ್ನು ಬರೆಯುವಾಗ ಇಂದಿಗೂ ಕರುಳು ಹಿಂಡಿದಂತಾಗುತ್ತದೆ.

ಇದು ಹೇಗೆ ಸಾಧ್ಯ ಎನ್ನುತ್ತೀರಾ? ಒಬ್ಬ ಶಿಕ್ಷಕರು ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳನ್ನು ನೋಡಿಕೊಳ್ಳುವ ಶಾಲೆಯಲ್ಲಿ, ದೊಡ್ಡ ಮಕ್ಕಳಿಗೆ ಲೆಕ್ಕ ಹೇಳಿಕೊಡುವಷ್ಟು ಹೊತ್ತು ಚಿಕ್ಕವರು ಸುಮ್ಮನೆ ಅಕ್ಷರ ತಿದ್ದುತ್ತಾರೆ. ಉಳಿದ ಹೊತ್ತಿನಲ್ಲಿ ಎಲ್ಲರೂ ಒಟ್ಟಾಗಿ ಕೂಗಿ ಹೇಳುತ್ತಾರೆ. ಮೂವತ್ತು ದನಿಗಳ ನಡುವೆ ಓದಲು ಬಾರದ ಐದು ದನಿಗಳು ಅಡಗಿಹೋಗುತ್ತವೆ. ಕೊಯ್ಲಿನ ಕಾಲದಲ್ಲಿ ಮೂರು ವಾರ ಬಾರದ ಮಗು ಹಿಂದಿರುಗುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಗಣಿತದಲ್ಲಿ ಈ ಹೊಡೆತ ಇನ್ನೂ ಜೋರು: ಸ್ಥಾನಬೆಲೆ ತಿಳಿಯದವನಿಗೆ ಕಳೆಯುವ ಲೆಕ್ಕ ಬಾರದು, ಕಳೆಯಲು ಬಾರದವನಿಗೆ ಭಾಗಾಕಾರ ಬಾರದು, ಆಮೇಲೆ ಭಿನ್ನರಾಶಿಯ ಮಾತೇ ಇಲ್ಲ. ಪಠ್ಯ ಮುಗಿಸಲೇಬೇಕಾದ ಶಿಕ್ಷಕರು ಹಿಂದೆ ತಿರುಗಿ ನೋಡಲು ಬಿಡುವೆಲ್ಲಿ?

ತಡವರಿಸಿ ಓದುವ ಮಗುವಿನ ಕಷ್ಟವನ್ನೂ ಗಮನಿಸಿ. ಅಕ್ಷರಕ್ಕೆ ಅಕ್ಷರ ಕೂಡಿಸುತ್ತಾ ವಾಕ್ಯದ ಕೊನೆ ಮುಟ್ಟುವಾಗ ಅದರ ಮೊದಲು ಮರೆತುಹೋಗಿರುತ್ತದೆ. ಉತ್ತರ ಗೊತ್ತಿದ್ದರೂ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಪರೀಕ್ಷೆಯ ಭಾಷೆ ಮನೆಮಾತೇ ಅಲ್ಲವಾದರೆ ಹೊರೆ ಇಮ್ಮಡಿ. ಮಕ್ಕಳಿಗೆ ಮೊದಲ ಪಾಠ ತಾಯಿನುಡಿಯಲ್ಲೇ ಆಗಲಿ ಎಂದು ಯುನೆಸ್ಕೊ 1953ರಲ್ಲೇ ಹೇಳಿತ್ತು. ತಮಗೆ ಅರ್ಥವಾಗುವ ಭಾಷೆಯಲ್ಲಿ ಶಿಕ್ಷಣ ಸಿಗದವರು ಜಗತ್ತಿನಲ್ಲಿ ಸುಮಾರು ಶೇ 40 ಮಂದಿ ಎಂದು ಅದೇ ಸಂಸ್ಥೆ 2016ರಲ್ಲಿ ಅಂದಾಜು ಮಾಡಿತು.

ಬಡತನ, ಅನಾರೋಗ್ಯ, ಪುಸ್ತಕಗಳ ಕೊರತೆ ಕಾರಣವಲ್ಲವೇ ಎಂದರೆ, ಹೌದು, ಆದರೆ ಅವುಗಳನ್ನು ಮಾತ್ರ ಸರಿಪಡಿಸಿದರೆ ಸಾಲದು. ಕೀನ್ಯಾದ ಗ್ರಾಮೀಣ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞ ಮೈಕೇಲ್ ಕ್ರೆಮರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ಜಂತುಹುಳುವಿನ ಮಾತ್ರೆ ಕೊಟ್ಟಾಗ ಮಕ್ಕಳ ಗೈರುಹಾಜರಿ ಕಾಲು ಭಾಗದಷ್ಟು ಇಳಿಯಿತು, ಅಂಕಗಳು ಮಾತ್ರ ಏರಲಿಲ್ಲ. ಇದು 2004ರಲ್ಲಿ ಪ್ರಕಟವಾಯಿತು. ಉಚಿತ ಪಠ್ಯಪುಸ್ತಕಗಳ ಅಧ್ಯಯನ 2009ರಲ್ಲಿ ಬಂತು. ಪುಸ್ತಕದಿಂದ ಲಾಭವಾದದ್ದು ಮೊದಲೇ ಮುಂದಿದ್ದ ಮಕ್ಕಳಿಗೆ. ಪುಸ್ತಕಗಳಿದ್ದದ್ದು ಇಂಗ್ಲಿಷಿನಲ್ಲಿ, ಅದು ಅಲ್ಲಿನ ಅನೇಕ ಮಕ್ಕಳಿಗೆ ಮೂರನೆಯ ಭಾಷೆ. ಓದಲು ಬಾರದವನ ಕೈಗೆ ಪುಸ್ತಕ ಕೊಟ್ಟರೆ ಏನು ಮಾಡಿಯಾನು?

ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷದ ಮಕ್ಕಳಲ್ಲಿ ಶೇ 53 ಮಂದಿಗೆ ಒಂದು ಸರಳ ಕಥೆಯನ್ನು ಓದಿ ಅರ್ಥ ಮಾಡಿಕೊಳ್ಳಲು ಬಾರದು ಎಂದು ವಿಶ್ವಬ್ಯಾಂಕ್ 2019ರಲ್ಲಿ ಲೆಕ್ಕ ಹಾಕಿತ್ತು. ನನ್ನ ಆ ಹುಡುಗ ಒಬ್ಬಂಟಿಯಲ್ಲ.

ಹಾಗಾಗಿ ಶಿಕ್ಷಕರನ್ನಾಗಲಿ ಪೋಷಕರನ್ನಾಗಲಿ ದೂರಲು ನನಗೆ ಮನಸ್ಸಿಲ್ಲ. ಪರೀಕ್ಷೆಗೆ ಮೂರು ತಿಂಗಳಿರುವಾಗ ನಡೆಸುವ ವಿಶೇಷ ತರಗತಿಗಳ ಮೇಲೂ ನಂಬಿಕೆಯಿಲ್ಲ. ಅಲ್ಲಿ ಅದೇ ಪಾಠವನ್ನು ಇನ್ನಷ್ಟು ವೇಗವಾಗಿ ಹೇಳುತ್ತಾರೆ. ನಾನು ಕಂಡಂತೆ ಫಲ ಕೊಟ್ಟದ್ದು ದಿನಕ್ಕೊಂದು ಗಂಟೆ ತರಗತಿಯ ಭೇದ ಮರೆತು, ಅಕ್ಷರ ಕಲಿಯಬೇಕಾದವರು, ಪದ ಓದಬಲ್ಲವರು, ಕಥೆ ಓದಬಲ್ಲವರು ಎಂದು ಮಕ್ಕಳನ್ನು ಗುಂಪು ಮಾಡಿ ಕಲಿಸಿದ್ದು. ಐದನೆಯ ತರಗತಿಯವನು ಎರಡನೆಯವನ ಪಕ್ಕ ಕೂರಲು ಮೊದಲು ನಾಚುತ್ತಾನೆ, ಒಂದು ಪುಟ ತಾನೇ ಓದಿದ ದಿನ ನಾಚಿಕೆ ಬಿಟ್ಟುಹೋಗುತ್ತದೆ.

ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಚಿಕ್ಕ ಮಗುವಿದ್ದರೆ ಇಂದೇ ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಾಲು ಓದಿಸಿ, ಏನು ಓದಿದೆ ಎಂದು ಕೇಳಿ. ಅದರ ಪಠ್ಯಪುಸ್ತಕ ಮಾತ್ರ ಬೇಡ, ಆ ಪಾಠ ಬಾಯಿಪಾಠವಾಗಿರಬಹುದು. ಮಗು ಹಿಂದೆಂದೂ ನೋಡಿರದ ನಾಲ್ಕು ಸಾಲುಗಳನ್ನು ನೀವೇ ಬರೆದು ಕೊಡಿ.