ಸರ್ವೀಸ್ ಆದ ಮಾರನೆಯ ದಿನವೇ ಪಿಕಪ್ ಇಲ್ಲ: ಟರ್ಬೊ ಬದಲಿಸಬೇಕೇ?

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ ಡೀಸೆಲ್ ಕಾರು. ಕಳೆದ ವಾರ ಊರಿನ ಗ್ಯಾರೇಜೊಂದರಲ್ಲಿ ಸರ್ವೀಸ್ ಮಾಡಿಸಿದೆ. ಎಂಜಿನ್ ಆಯಿಲ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ, ಬ್ರೇಕ್ ಬಿಚ್ಚಿ ಸ್ವಚ್ಛ ಮಾಡಿಕೊಟ್ಟರು. ಮಾರನೆಯ ದಿನ ಚಿತ್ರದುರ್ಗಕ್ಕೆ ಹೊರಟರೆ, ಆನಗೋಡು ದಾಟುವಷ್ಟರಲ್ಲಿ ಗಾಡಿಗೆ ದಮ್ಮಿಲ್ಲವೆಂದು ಗೊತ್ತಾಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ವೇಗ 80 ದಾಟುವುದಿಲ್ಲ. ಲಾರಿಯನ್ನು ಹಿಂದಿಕ್ಕಲು ಭಯವಾಗುತ್ತದೆ. ಊರೊಳಗೆ ಓಡಿಸುವಾಗ ಇದು ತಿಳಿಯುವುದೇ ಇಲ್ಲ. ಎಂಜಿನ್ ದೀಪ ಒಮ್ಮೆ ಹೊತ್ತಿಕೊಂಡು ಆಮೇಲೆ ಆರಿತು. ಟರ್ಬೊ ಹೋಗಿದೆ, ಬದಲಿಸಬೇಕು ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊಗೆಂದು ಈಗಲೇ ದುಡ್ಡು ಕೊಡಬೇಡಿ. ಸರ್ವೀಸಿಗೆ ಬಿಡುವವರೆಗೆ ಚೆನ್ನಾಗಿ ಎಳೆಯುತ್ತಿದ್ದ ಗಾಡಿ ಮಾರನೆಯ ದಿನವೇ ಸೊರಗಿದರೆ, ಮೊದಲು ಅನುಮಾನ ಬರಬೇಕಾದದ್ದು ಅಂದು ಬಿಚ್ಚಿ ಜೋಡಿಸಿದ ಭಾಗಗಳ ಮೇಲೆ. ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಯಾವ ಯಾವ ಭಾಗಕ್ಕೆ ಕೈ ಹಾಕಿದ್ದಾರೆ ಎಂದು ನೋಡಿ. ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ನೀವು ಬರೆದ ಒಂದು ಮಾತು ಬಹಳ ಉಪಯೋಗದ್ದು: ಊರೊಳಗೆ ತೊಂದರೆ ತಿಳಿಯುವುದಿಲ್ಲ, ಹೆದ್ದಾರಿಯಲ್ಲಿ ಮಾತ್ರ ತಿಳಿಯುತ್ತದೆ. ಪಿ.ಬಿ. ರಸ್ತೆಯ ಸಂದಣಿಯಲ್ಲಿ ಎಂಜಿನ್ನಿಗೆ ಟರ್ಬೊ ಒತ್ತಡ ಅಷ್ಟಾಗಿ ಬೇಕಾಗುವುದಿಲ್ಲ. ವೇಗ ಮತ್ತು ಏರು ಹೆಚ್ಚಿದಾಗಲೇ ಬೇಕು. ಆಗ ಗಾಳಿ ಎಲ್ಲೋ ಸೋರುತ್ತಿದ್ದರೆ ಅಥವಾ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೆ, ಎಂಜಿನ್ ಕಂಪ್ಯೂಟರ್ ಡೀಸೆಲ್ ಕಡಿಮೆ ಮಾಡಿ ಶಕ್ತಿಗೆ ಕಡಿವಾಣ ಹಾಕುತ್ತದೆ. ಇದನ್ನು ಪರೀಕ್ಷಿಸುವ ಸುಲಭದ ದಾರಿಯೊಂದಿದೆ. ಗಾಡಿ ಸೊರಗಿದಾಗ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಾಲೂ ಮಾಡಿ. ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ ಮತ್ತೆ ಸೊರಗಿದರೆ, ಕಂಪ್ಯೂಟರೇ ಶಕ್ತಿಯನ್ನು ತಡೆಹಿಡಿಯುತ್ತಿರುವ ಸಾಧ್ಯತೆ ಹೆಚ್ಚು.

ಎಂಜಿನ್ ತಣ್ಣಗಿರುವಾಗ ಬಾನೆಟ್ ತೆಗೆಯಿರಿ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ನಾಲ್ಕೂ ಬದಿ ಸಮನಾಗಿ ಕೂತಿದೆಯೇ? ಡಬ್ಬಿಯ ಬಾಯಿಯಲ್ಲೋ ಅದರ ಪಕ್ಕದ ಕೊಳವೆಯಲ್ಲೋ ಇರುವ ಏರ್ ಫ್ಲೋ ಸೆನ್ಸರಿನ ಕನೆಕ್ಟರನ್ನು ಮೆಲ್ಲಗೆ ಒತ್ತಿ ನೋಡಿ. ಟಕ್ಕೆಂದು ಕೂತರೆ ಅದು ಅರ್ಧ ಮಾತ್ರ ಸಿಕ್ಕಿಕೊಂಡಿತ್ತು ಎಂದರ್ಥ. ಫಿಲ್ಟರ್ ಬದಲಿಸುವಾಗ ಇದನ್ನು ಕಳಚುತ್ತಾರೆ, ಹಾಕುವುದನ್ನು ಮರೆಯುತ್ತಾರೆ. ಅಲ್ಲಿಂದ ಟರ್ಬೊವರೆಗೆ ಹೋಗುವ ರಬ್ಬರ್ ಹೋಸಿನ ಮೇಲೆ ಕೈಯಾಡಿಸಿ. ಕಣ್ಣಿಗೆ ಕಾಣುವ ಮೇಲ್ಭಾಗ ನೋಡಿದರೆ ಸಾಲದು, ಬೆರಳನ್ನು ಅಡಿಗೆ ತೂರಿಸಿ. ಕ್ಲ್ಯಾಂಪ್ ತನ್ನ ಹಳೆಯ ಗುರುತು ಬಿಟ್ಟು ಜರುಗಿರುವುದು, ಹೋಸಿನ ತುಟಿ ಒಳಕ್ಕೆ ಮಡಚಿಕೊಂಡಿರುವುದು ಸಾಮಾನ್ಯವಾಗಿ ಅಡಿಯಲ್ಲೇ. ಈ ಜಾಗ ಸಡಿಲವಾಗಿದ್ದರೆ ತಡಮಾಡಬೇಡಿ. ಫಿಲ್ಟರಾಗದ ಗಾಳಿ ನೇರವಾಗಿ ಟರ್ಬೊ ಸೇರುತ್ತದೆ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ನಮ್ಮ ರಸ್ತೆಗಳ ದೂಳು ಎಷ್ಟೆಂದು ನಿಮಗೇ ಗೊತ್ತು. ಹಾಗೆಯೇ ಓಡಿಸಿದರೆ ಈಗ ಸರಿಯಾಗಿರುವ ಟರ್ಬೊ ನಿಜಕ್ಕೂ ಕೆಟ್ಟುಹೋಗುತ್ತದೆ.

ಟರ್ಬೊದಿಂದ, ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸುಗಳನ್ನೂ ಬಿಡಬೇಡಿ. ಕೀಲಿನ ಸುತ್ತ ಎಣ್ಣೆಗೆ ದೂಳು ಮೆತ್ತಿ ಕಪ್ಪಗಾಗಿದ್ದರೆ ಅಲ್ಲಿ ಒತ್ತಡ ಸೋರುತ್ತಿರಬಹುದು. ಏರಿನಲ್ಲಿ ಸುಯ್ ಎನ್ನುವ ಸದ್ದು, ಹಿಂದೆ ಕಪ್ಪು ಹೊಗೆ ಇದ್ದರಂತೂ ಅನುಮಾನ ಗಟ್ಟಿಯಾಗುತ್ತದೆ.

ಎಂಜಿನ್ ದೀಪ ಆರಿದರೂ ದೋಷ ಸೂಚಿಸುವ ಕೋಡ್ ಕಂಪ್ಯೂಟರಿನ ನೆನಪಿನಲ್ಲಿ ಉಳಿದಿರಬಹುದು. ಸ್ಕ್ಯಾನರ್ ಹಾಕಿಸಿ, ಅಳಿಸುವ ಮೊದಲು ಸಂಖ್ಯೆಯನ್ನು ಬರೆದುಕೊಳ್ಳಿ. ಪಿ0101, ಪಿ0102 ಬಂದರೆ ಗಾಳಿ ಅಳೆಯುವ ಸೆನ್ಸರಿನ ಕಡೆ ನೋಡಬೇಕು. ಪಿ0299 ಎಂದರೆ ಟರ್ಬೊ ಒತ್ತಡ ಬೇಕಾದಷ್ಟು ಬರುತ್ತಿಲ್ಲ ಎಂದಷ್ಟೇ ಅರ್ಥ. ಟರ್ಬೊ ಸತ್ತಿದೆ ಎಂದಲ್ಲ. ಬಿಟ್ಟುಹೋದ ಹೋಸೂ ಇದೇ ಕೋಡ್ ತರುತ್ತದೆ. ಈ ಒಂದು ಸಂಖ್ಯೆ ತೋರಿಸಿ ಟರ್ಬೊ ಬದಲಿಸಲು ಹೇಳುವುದು ಅನ್ಯಾಯ.

ಪಿ0087 ಬಂದರೆ ಡೀಸೆಲ್ ಒತ್ತಡ ಕಡಿಮೆ ಎಂದು. ಹೊಸ ಡೀಸೆಲ್ ಫಿಲ್ಟರಿನ ರಬ್ಬರ್ ಉಂಗುರ ಸರಿಯಾಗಿ ಕೂರದೆ ಗಾಳಿ ಎಳೆಯುತ್ತಿರಬಹುದು. ಬೆಳಿಗ್ಗೆ ಸ್ಟಾರ್ಟ್ ಆಗಲು ಹೊತ್ತಾಗುವುದು ಇದರ ಸುಳಿವು. ಇದನ್ನು ಮೆಕ್ಯಾನಿಕ್ಕೇ ನೋಡಲಿ. ಎಂಜಿನ್ ಓಡುವಾಗ ಇಂಜೆಕ್ಟರಿನ ಉಕ್ಕಿನ ಪೈಪುಗಳ ನಟ್ಟು ಸಡಿಲಿಸಲು ಯಾರಿಗೂ ಬಿಡಬೇಡಿ. ಅಲ್ಲಿನ ಒತ್ತಡ 1,000 ಬಾರ್ ಮೀರುತ್ತದೆ, ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿ ಒಳಹೋಗುತ್ತದೆ.

ಬ್ರೇಕ್ ಬಿಚ್ಚಿದ್ದರಿಂದ ಅದು ಹಿಡಿದುಕೊಂಡಿದೆಯೇ ಎಂಬುದನ್ನೂ ನೋಡಿ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಚಕ್ರಗಳನ್ನು ಮುಟ್ಟದೆ ಹತ್ತಿರ ಕೈ ಹಿಡಿಯಿರಿ. ಒಂದು ಚಕ್ರ ಮಾತ್ರ ಕಾದಿದ್ದರೆ ದೋಷ ಎಂಜಿನ್ನಿನದಲ್ಲ. ಕಾರು ತೊಳೆದ ಮೇಲೆ ಹಾಕಿದ ಮ್ಯಾಟ್ ಆಕ್ಸಿಲರೇಟರ್ ಪೆಡಲಿನಡಿ ಸಿಕ್ಕಿಕೊಂಡು, ಅದು ಪೂರ್ತಿ ಇಳಿಯದೆ ಇರುವುದೂ ಉಂಟು.

ಎಲ್ಲ ಸರಿಪಡಿಸಿದ ಮೇಲೆ ಭರಮಸಾಗರದವರೆಗೆ ಹೋಗಿ ಬನ್ನಿ, ಎರಡೂ ದಿಕ್ಕಿನಲ್ಲಿ ಗಮನಿಸಿ. ಆಷಾಢದಲ್ಲಾದರೆ ದಾವಣಗೆರೆ ಕಡೆ ಮರಳುವಾಗ ಪಶ್ಚಿಮದ ಗಾಳಿ ಎದುರಾಗಿ ಸರಿಯಿರುವ ಗಾಡಿಯೂ ಸ್ವಲ್ಪ ಭಾರ ಎನಿಸುತ್ತದೆ. ಇಷ್ಟಾದರೂ ಪಿಕಪ್ ಬರದಿದ್ದರೆ ಟರ್ಬೊ ಬಿಚ್ಚಿಸಿ. ಶಾಫ್ಟ್ ಅಲುಗಾಡುವುದನ್ನು, ರೆಕ್ಕೆ ಸವೆದಿರುವುದನ್ನು ಕಣ್ಣಾರೆ ತೋರಿಸಲು ಕೇಳಿ, ಆಮೇಲೆ ಒಪ್ಪಿಕೊಳ್ಳಿ.

ಪ್ರಶ್ನೆ: ಪೆಟ್ರೋಲ್ ಕಾರಿನ ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸಿದ ಮೇಲೆ ಸಿಗ್ನಲಿನಲ್ಲಿ ಎಂಜಿನ್ ನಡುಗುತ್ತದೆ, ಹೊರಡುವಾಗ ತಡವರಿಸುತ್ತದೆ.
– ಓದುಗರು, ಚಿತ್ರದುರ್ಗ

ಉತ್ತರ: ಕೊಳೆ ಇದ್ದಾಗ ಥ್ರಾಟಲ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಬಾಗಿಲು, ಎಷ್ಟು ತೆರೆಯಬೇಕೆಂದು ಕಂಪ್ಯೂಟರ್ ರೂಢಿಸಿಕೊಂಡಿರುತ್ತದೆ. ಈಗ ಅದನ್ನು ಹೊಸದಾಗಿ ಕಲಿಸಬೇಕು. ಕೆಲವು ಕಾರುಗಳು ಓಡುತ್ತಾ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರಿನಿಂದ ಮಾಡಿಸಬೇಕು. ಅದಾದ ಮೇಲೂ ನಡುಕ ನಿಲ್ಲದಿದ್ದರೆ, ಥ್ರಾಟಲ್ ಪಕ್ಕದ ಸಣ್ಣ ವ್ಯಾಕ್ಯೂಮ್ ಪೈಪ್ ಕಳಚಿದೆಯೇ ಎಂದು ನೋಡಲು ಹೇಳಿ.